ಭಾಗವಂತಿಯನ್ನು ಮೆಚ್ಚಿದವರು
1984ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಹಮ್ ಲೋಗ್’ ಧಾರಾವಾಹಿಯಲ್ಲಿ, ಎಲ್ಲವನ್ನೂ ಸಹಿಸುವ ತಾಯಿ ಭಾಗವಂತಿಯ ಪಾತ್ರವು ಹೆಣ್ಣು ಹೀಗೆ ಬಾಳಬಾರದೆಂದು ತೋರಲೆಂದೇ ರೂಪುಗೊಂಡಿತ್ತು. ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ಬಂದು ತಾತ್ಪರ್ಯವನ್ನೂ ಬಿಡಿಸಿ ಹೇಳುತ್ತಿದ್ದರು. ಆದರೂ ಅನೇಕ ಪ್ರೇಕ್ಷಕರು, ಸ್ತ್ರೀಯರೂ ಸೇರಿ, ಅವಳನ್ನೇ ಆದರ್ಶವೆಂದು ಮೆಚ್ಚಿದರು. ಪರದೆಯಲ್ಲಿ ಕಂಡದ್ದಕ್ಕೆ ಅರ್ಥ ಕೊಟ್ಟದ್ದು ನೋಡುವ ಮನೆಗಳ ರೂಢಿ.

ಭಾನುವಾರದ ಪತ್ರಿಕೆಗಳ ವಧೂವರ ಜಾಹೀರಾತುಗಳನ್ನು ಓದಿರಿ. ವರನಿಗೆ ಸಂಬಳ, ವಧುವಿಗೆ ಮೈಬಣ್ಣ, ‘ಹೊಂದಿಕೊಳ್ಳುವ ಸ್ವಭಾವ’. ಅಲ್ಲಿಯೂ ಭಾಗವಂತಿಯೇ! ಈ ಸಾಲುಗಳನ್ನು ಸಂಪಾದಕರು ಬರೆಯುವುದಿಲ್ಲ. ಹಣ ತೆತ್ತು ನಾವೇ ಅಚ್ಚು ಹಾಕಿಸುತ್ತೇವೆ. ಮುಂಬಯಿ, ಪುಣೆಗಳಲ್ಲಿ ನೆಲೆಸಿ ಪದವೀಧರೆ ಸೊಸೆಯನ್ನೇ ಅರಸುವ ನಮ್ಮ ಜೈನ ಕುಟುಂಬಗಳು ಮುಂದಿನ ಜಾಹೀರಾತಿನಿಂದ ಆ ಎರಡು ಪದಗಳನ್ನು ಹೊಡೆದುಹಾಕಬಲ್ಲವೇ?