ಗೆರೆಗೂ ಹೊಣೆಯುಂಟು

“ಸಾವಿರಾರು ಜನರ ಸಾವನ್ನು ಚಿತ್ರಕಥೆ ಮಾಡುವುದೆಂದರೆ ಹೆಣಕ್ಕೆ ಸಿಂಗಾರ ಮಾಡಿದಂತೆ” ಎಂದರು, ನಮ್ಮ ಕಾಲೇಜಿನ ಹಿರಿಯ ಮಿತ್ರರೊಬ್ಬರು. ನನ್ನ ಕೈಯಲ್ಲಿದ್ದುದು ಅಮೆರಿಕದ ಆರ್ಟ್ ಸ್ಪೀಗಲ್‌ಮನ್ನರ ‘ಮೌಸ್’. ಪುಸ್ತಕವನ್ನು ತೆರೆಯುವ ಮೊದಲೇ ತೀರ್ಪು ಹೊರಬಿದ್ದಿತು. ಛಾಯಾಚಿತ್ರವಾದರೆ ಸತ್ಯ, ಗೆರೆಯಾದರೆ ಕಲ್ಪನೆ ಎಂಬುದು ಅವರ ವಾದ. ಇದನ್ನು ನಾನು ಒಪ್ಪಲಾರೆ.

ಛಾಯಾಚಿತ್ರದಲ್ಲಿ ಅದನ್ನು ತೆಗೆದವನು ಕಾಣುವುದಿಲ್ಲ. ಎಲ್ಲಿ ನಿಂತ, ಯಾರನ್ನು ಬಿಟ್ಟ, ಯಾರ ಒಪ್ಪಿಗೆ ಪಡೆದ ಎಂಬುದನ್ನು ಅದು ಹೇಳದು. ಗೆರೆಯಾದರೋ ‘ಇದು ಒಬ್ಬನ ಕೈ ಬರೆದದ್ದು’ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತದೆ. ಅದರ ನೀತಿ ಶುರುವಾಗುವುದೇ ಅಲ್ಲಿಂದ.

ಆಷ್ವಿಟ್ಜ್‌ನಿಂದ ಬದುಕಿ ಬಂದ ತಂದೆಯ ಕಥೆಯನ್ನು ಸ್ಪೀಗಲ್‌ಮನ್ 1986 ಮತ್ತು 1991ರಲ್ಲಿ ಎರಡು ಸಂಪುಟಗಳಾಗಿ ತಂದರು. ಎರಡನೆಯದರಲ್ಲಿ ತಮ್ಮನ್ನೇ ಬರೆದುಕೊಂಡಿದ್ದಾರೆ: ಮೊದಲ ಪುಸ್ತಕ ಗೆದ್ದಿದೆ, ಕಲಾವಿದ ಮೇಜಿಗೆ ಕುಳಿತಿದ್ದಾನೆ, ಕೆಳಗೆ ಹೆಣಗಳ ರಾಶಿ. ಪರರ ಸಾವಿನಿಂದ ತನಗೆ ಕೀರ್ತಿ ಬಂದಿತಲ್ಲ ಎಂಬ ಅಳುಕನ್ನು ಎಷ್ಟು ಛಾಯಾಚಿತ್ರಗಳು ಹೀಗೆ ನಮ್ಮ ಮುಂದಿಟ್ಟಿವೆ?

ಪತ್ರಕರ್ತ ಜೋ ಸಾಕೋ 2009ರ ‘ಫುಟ್‌ನೋಟ್ಸ್ ಇನ್ ಗಾಜಾ’ದಲ್ಲಿ, 1956ರಲ್ಲಿ ಖಾನ್ ಯೂನಿಸ್ ಮತ್ತು ರಫಾಗಳಲ್ಲಿ ನಡೆದ ಹತ್ಯೆಗಳನ್ನು ಕುರಿತು ಮುದುಕರನ್ನು ಕೇಳುತ್ತ ಹೋಗುತ್ತಾರೆ. ಒಬ್ಬರ ನೆನಪು ಇನ್ನೊಬ್ಬರದಕ್ಕೆ ಹೊಂದುವುದಿಲ್ಲ. ಸಾಕೋ ತೇಪೆ ಹಾಕುವುದಿಲ್ಲ. ಹೊಂದದ್ದನ್ನು ಹೊಂದದಂತೆಯೇ ಬಿಡುತ್ತಾರೆ.

ನೆತ್ತರನ್ನು ಮಾರುವ ಚಿತ್ರಗಾರರೂ ಇದ್ದಾರೆಂದು ಬಲ್ಲೆ. ಆದರೆ ನೆತ್ತರು ಕಂಡಿತೆಂಬುದೇ ಅಪರಾಧವಲ್ಲ. ಆರು ವರ್ಷದ ಬಾಲಕನಾಗಿದ್ದಾಗ ಹಿರೋಶಿಮಾದ ಅಣುಬಾಂಬಿಗೆ ತಂದೆಯನ್ನೂ ಅಕ್ಕನನ್ನೂ ತಮ್ಮನನ್ನೂ ಕಳೆದುಕೊಂಡ ಕೇಜಿ ನಕಾಜಾವಾ, 1973ರಲ್ಲಿ ಆರಂಭಿಸಿದ ‘ಬೇರ್‌ಫುಟ್ ಗೆನ್’ನಲ್ಲಿ ತೊಗಲು ಸುಲಿದು ಜೋತ ಜನರನ್ನೇ ಬರೆದರು. ಕಂಡದ್ದನ್ನು ಹದವಾಗಿ ಹೇಳಯ್ಯಾ ಎಂದು ಅವರಿಗೆ ಬುದ್ಧಿ ಹೇಳುವ ಅಧಿಕಾರ ಯಾರಿಗಿದೆ? ಆದರೂ 2023ರಲ್ಲಿ ಹಿರೋಶಿಮಾ ನಗರವೇ ಅದನ್ನು ಶಾಲೆಗಳ ಶಾಂತಿಪಾಠದಿಂದ ಕೈಬಿಟ್ಟಿತು. 2022ರಲ್ಲಿ ಟೆನೆಸಿಯ ಒಂದು ಕೌಂಟಿಯ ಶಾಲಾಮಂಡಲಿ, ಬೈಗುಳ ಮತ್ತು ನಗ್ನಚಿತ್ರಗಳ ಆಕ್ಷೇಪ ಹೂಡಿ ‘ಮೌಸ್’ಅನ್ನು ಪಾಠಪಟ್ಟಿಯಿಂದ ತೆಗೆಯಿತು. ಲಕ್ಷಾಂತರ ಜನರ ಕೊಲೆಯ ಕಥೆಯಲ್ಲಿ ಇವರ ಕಣ್ಣಿಗೆ ಬಿದ್ದದ್ದು ಬೈಗುಳ!

ಮಿತ್ರರಲ್ಲಿ ಒಂದೇ ವಿಜ್ಞಾಪನೆ. ಚಿತ್ರವೋ ಗದ್ಯವೋ ಎಂದು ಕೇಳಬೇಡಿ. ನೊಂದವರ ಮಾತಿಗೆ ಕಿವಿಗೊಟ್ಟನೆ, ತನ್ನ ಪಾಲನ್ನು ಮುಚ್ಚಿಡದೆ ಹೇಳಿದನೆ, ಇಷ್ಟನ್ನು ಕೇಳಿ. ಪುಸ್ತಕ ನನ್ನ ಮೇಜಿನ ಮೇಲಿದೆ. ಒಯ್ದು ಓದಿ, ಆಮೇಲೆ ಜಗಳಕ್ಕೆ ಬನ್ನಿ.