ಕಲ್ಲಿನ ಪಾಠ ಮತ್ತು ಕಿವಿಯ ಪಾಠ: ಜಾಝ್ ಆಲಿಕೆ ಎತ್ತುವ ಕೆಲವು ಪ್ರಶ್ನೆಗಳು

ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರಿನ ಸ್ತಂಭಶಾಸನದಲ್ಲಿ ಕವಿ ಕುಬ್ಜನು ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದುದಾಗಿ ಹೇಳಿಕೊಂಡಿದ್ದಾನೆ. ಕದಂಬ ಶಾಂತಿವರ್ಮನ ಕಾಲದ, ಅಂದರೆ ಐದನೆಯ ಶತಮಾನದ ಆ ರಚನೆಯನ್ನು ನಾವು ಇಂದಿಗೂ ಓದಬಲ್ಲೆವು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಅದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಿದೆ. ಹರಿಹರನ ‘ಪ್ರಭುದೇವರ ರಗಳೆ’ಯ ಪ್ರಕಾರ ಅಲ್ಲಮನು ಮದ್ದಳೆ ನುಡಿಸುತ್ತಿದ್ದುದು ಆ ಊರಿನಲ್ಲಿ. ಕುಬ್ಜನ ಅಕ್ಷರ ಉಳಿದಿದೆ. ಅಲ್ಲಮನ ಮದ್ದಳೆಯ ಒಂದು ಪೆಟ್ಟೂ ಉಳಿದಿಲ್ಲ. ಕನ್ನಡ ಅಧ್ಯಯನದ ಶಿಸ್ತು ಬೆಳೆದುಬಂದುದು ಉಳಿದುದರ ಮೇಲೆ. ಇದು ಸಹಜವೇ. ಆದರೆ ಕಲ್ಲನ್ನು ಓದಲು ಕಲಿತ ಕಣ್ಣಿನಿಂದಲೇ ನಾವು ನಾದದ ಕಲೆಗಳನ್ನೂ ಓದುತ್ತಿದ್ದೇವೆಯೇ ಎಂಬ ಅನುಮಾನವನ್ನು ಇಲ್ಲಿ ಮಂಡಿಸಬಯಸುತ್ತೇನೆ.

ಈ ಅನುಮಾನ ನನ್ನಲ್ಲಿ ಹುಟ್ಟಿದ್ದು ಅನಿರೀಕ್ಷಿತ ಸಂದರ್ಭವೊಂದರಲ್ಲಿ. ಕೆಲವು ವರ್ಷಗಳ ಹಿಂದೆ ಹೆಸರಾಂತ ಹಿಂದೂಸ್ತಾನಿ ಗಾಯಕರೊಬ್ಬರನ್ನು ಕೇಳಲೆಂದು ಬೆಂಗಳೂರಿನ ಸಂಗೀತೋತ್ಸವವೊಂದಕ್ಕೆ ಹೋಗಿದ್ದೆ. ಅವರ ಕಛೇರಿಗೆ ಮುನ್ನ, ಸಭಾಂಗಣ ಅರ್ಧವೂ ತುಂಬದ ಹೊತ್ತಿನಲ್ಲಿ, ಹೆಸರೇ ಕೇಳಿರದ ನಾಲ್ವರ ಜಾಝ್ ತಂಡವೊಂದು ವೇದಿಕೆಗೆ ಬಂದಿತು. ಮೊದಲ ಹತ್ತು ನಿಮಿಷ ನನಗೆ ಕೇಳಿಸಿದ್ದು ಗದ್ದಲ ಮಾತ್ರ. ಪಕ್ಕದಲ್ಲಿದ್ದ ಸ್ನೇಹಿತರು, “ಸ್ಯಾಕ್ಸೊಫೋನನ್ನು ಬಿಡಿ, ಹಿಂದೆ ನಿಂತ ದೊಡ್ಡ ತಂತಿವಾದ್ಯವನ್ನು ಹಿಡಿಯಿರಿ, ನಾಲ್ಕು ನಾಲ್ಕಾಗಿ ಎಣಿಸಿ” ಎಂದರು. ಎಣಿಸುತ್ತಾ ಹೋದಂತೆ ಕಟ್ಟಡವೊಂದು ಕಾಣತೊಡಗಿತು. ಎಂಟೆಂಟು ಆವರ್ತಗಳ ನಾಲ್ಕು ಭಾಗಗಳು. ಅವುಗಳಲ್ಲಿ ಮೂರನೆಯದು ಮಾತ್ರ ಬೇರೆ. ಒಟ್ಟು ಮೂವತ್ತೆರಡು ಆವರ್ತಗಳ ಈ ಚಕ್ರ ನಿಲ್ಲದೆ ತಿರುಗುತ್ತಿತ್ತು. ಮೊದಲು ಎಲ್ಲರೂ ಕೂಡಿ ಹಾಡಿನ ಧಾಟಿಯನ್ನು ನುಡಿಸಿದ್ದರು. ಆಮೇಲೆ ಒಬ್ಬೊಬ್ಬರೂ ಅದೇ ಚಕ್ರದೊಳಗೆ ತಮ್ಮ ಮಾತನ್ನು ಆಡುತ್ತಿದ್ದರು. ಉಳಿದವರು ಅದನ್ನು ಕೇಳಿಸಿಕೊಂಡು ಉತ್ತರ ಕೊಡುತ್ತಿದ್ದರು. ಅಂದು ನಾನು ಯಾರಿಗಾಗಿ ಹೋಗಿದ್ದೆನೋ ಅವರ ಗಾಯನ ಚೆನ್ನಾಗಿಯೇ ಇತ್ತು. ಮನೆಗೆ ತಂದದ್ದು ಮಾತ್ರ ಈ ಹೆಸರಿಲ್ಲದ ನಾಲ್ವರನ್ನು.

ನಮ್ಮ ನೆರವಲ್, ಕಲ್ಪನಾಸ್ವರಗಳೊಂದಿಗೆ ಇದನ್ನು ಸಮೀಕರಿಸುವ ಆತುರ ಬೇಡ. ಕರ್ನಾಟಕ ಸಂಗೀತದಲ್ಲಿ ಒಂದು ರಾಗ, ಒಂದು ಆಧಾರಶ್ರುತಿ ನೆಲೆಯಾಗಿ ನಿಲ್ಲುತ್ತವೆ. ಜಾಝ್‌ನ ಬಹುಪಾಲು ಪ್ರಕಾರಗಳಲ್ಲಿ ಕಾಲಡಿಯ ಸ್ವರಮೇಳವೇ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ. ಆದರೂ ಕೇಳುಗನಿಂದ ಎರಡೂ ಬೇಡುವುದು ಒಂದನ್ನೇ: ಸ್ಥಿರವಾದುದನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಚಲಿಸುವುದನ್ನು ಆಲಿಸುವ ಅಭ್ಯಾಸ.

ಒಂದು ನಿದರ್ಶನವನ್ನು ನೋಡಬಹುದು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1960ರಲ್ಲಿ ‘ಮೈ ಫೇವರಿಟ್ ಥಿಂಗ್ಸ್’ ಎಂಬ ರಂಗಗೀತೆಯನ್ನು ಧ್ವನಿಮುದ್ರಿಸಿದಾಗ ಅದು ಹದಿನಾಲ್ಕು ನಿಮಿಷಗಳಷ್ಟಿತ್ತು. 1966ರಲ್ಲಿ ಜಪಾನಿನಲ್ಲಿ ಅದನ್ನೇ ನುಡಿಸಿದಾಗ ಸುಮಾರು ಒಂದು ಗಂಟೆ ಹಿಡಿಯಿತು. ಇವುಗಳಲ್ಲಿ ‘ಶುದ್ಧಪಾಠ’ ಯಾವುದು? ಪ್ರಶ್ನೆಯೇ ಅಸಂಗತ. ಮೂಲ ರಂಗಗೀತೆಯನ್ನು ‘ಶುದ್ಧಪಾಠ’ವೆಂದು ಹಿಡಿದು ಉಳಿದುದನ್ನು ಪ್ರಕ್ಷೇಪವೆಂದು ಕಿತ್ತುಹಾಕಿದರೆ ಕೋಲ್ಟ್ರೇನ್ ಪೂರ್ತಿ ಮಾಯವಾಗುತ್ತಾನೆ.

ನಮ್ಮಲ್ಲಿ ಇದಕ್ಕೆ ತೀರ ಹತ್ತಿರವಾದುದು ತಾಳಮದ್ದಳೆ. ಪ್ರಸಂಗದ ಪದ್ಯ ಸ್ಥಿರ. ಅರ್ಥ ಆಯಾ ರಾತ್ರಿಯದು, ಎದುರು ಕುಳಿತ ಅರ್ಥಧಾರಿಯನ್ನು ಅವಲಂಬಿಸಿದುದು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಕೇಳಲು ಜನ ಸೇರುತ್ತಿದ್ದುದು ವಾಲಿಯ ಕಥೆ ತಿಳಿಯದೆ ಅಲ್ಲ. ಈ ಸಲ ವಾಲಿ ರಾಮನಿಗೆ ಏನು ಕೇಳುತ್ತಾನೆ ಎಂದು ತಿಳಿಯಲು. ಆದರೆ ನಮ್ಮ ವಿಭಾಗಗಳಲ್ಲಿ ಯಕ್ಷಗಾನವೆಂದರೆ ಬಹುಮಟ್ಟಿಗೆ ಪ್ರಸಂಗಸಾಹಿತ್ಯ: ಕವಿಯ ಕಾಲ, ಛಂದಸ್ಸು, ಹಸ್ತಪ್ರತಿ. ಜನಪದ ಕಾವ್ಯಗಳ ಸಂಪಾದನೆಯಲ್ಲೂ ಇದೇ ಕ್ರಮ. ನೀಲಗಾರನೊಬ್ಬ ಮಂಟೇಸ್ವಾಮಿಯ ಕಥೆಯ ಒಂದು ಸಾಲನ್ನು ಮೂರು ಸಲ ಮೂರು ಬಗೆಯಲ್ಲಿ ಹಾಡಿದರೆ ಮುದ್ರಣದಲ್ಲಿ ಅದು ಒಂದೇ ಸಾಲಾಗುತ್ತದೆ. ಹಿಮ್ಮೇಳದ ಸೊಲ್ಲು, ಕೇಳುಗರ ಹೂಂಗುಟ್ಟುವಿಕೆ, ತಂಬೂರಿಯ ಬಿಡುವು ಇವೆಲ್ಲ ‘ಅನಗತ್ಯ ಪುನರುಕ್ತಿ’ಯ ಪಟ್ಟಿಗೆ ಸೇರುತ್ತವೆ. ಮೌಖಿಕ ಕಾವ್ಯದಲ್ಲಿ ಪ್ರತಿ ಪ್ರದರ್ಶನವೂ ಹೊಸ ರಚನೆಯೆಂದು ಆಲ್ಬರ್ಟ್ ಲಾರ್ಡ್ 1960ರಲ್ಲಿಯೇ ಹೇಳಿದ್ದನು. ನಾವು ಅದನ್ನು ಪೀಠಿಕೆಗಳಲ್ಲಿ ಉಲ್ಲೇಖಿಸಿ, ಪುಸ್ತಕದ ಒಡಲಲ್ಲಿ ಮರೆಯುತ್ತೇವೆ.

ನಗರದ ಉಳ್ಳವರ ಹವ್ಯಾಸವಾದ ಜಾಝ್‌ಗೂ ಕನ್ನಡ ವಿಭಾಗಕ್ಕೂ ಏನು ಸಂಬಂಧ ಎಂಬ ಆಕ್ಷೇಪ ಬರಬಹುದು. ಭಾರತದಲ್ಲಿ ಅದು ಬಹುಕಾಲ ಹೋಟೆಲುಗಳ, ಕ್ಲಬ್ಬುಗಳ ಸಂಗೀತವಾಗಿತ್ತೆಂಬುದು ನಿಜ. ಆದರೆ ಅದು ಹುಟ್ಟಿದ್ದು ಗುಲಾಮಗಿರಿಯಿಂದ ಬಿಡುಗಡೆಗೊಂಡವರ ಮಕ್ಕಳು ಮೊಮ್ಮಕ್ಕಳ ನಡುವೆ. ಹಾಡುವವರು ಒಬ್ಬರು, ಬರೆದುಕೊಂಡು ಹೆಸರು ಮಾಡುವವರು ಇನ್ನೊಬ್ಬರು ಎಂಬ ಸಂಕಟ ಅವರದೂ ಹೌದು, ನಮ್ಮ ವೃತ್ತಿಗಾಯಕರದೂ ಹೌದು. ಮೇಲಾಗಿ ಕನ್ನಡ ನಾಡಿಗೆ ಜಾಝ್ ಅಪರಿಚಿತವಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನನ್ನು ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ (1949–2019) ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 1980ರಲ್ಲಿ ಮುಂಬಯಿಯ ‘ಜಾಝ್ ಯಾತ್ರಾ’ ಉತ್ಸವದಲ್ಲಿ ಜಾನ್ ಹ್ಯಾಂಡಿಯೊಂದಿಗೆ ನುಡಿಸಿದರು. ಬೆಂಗಳೂರಿನ ಆರ್.ಎ. ರಮಾಮಣಿ, ಟಿ.ಎ.ಎಸ್. ಮಣಿ ಅವರ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ತಂಡ ಚಾರ್ಲಿ ಮರಿಯಾನೊನೊಂದಿಗೆ 1983ರಲ್ಲಿ ‘ಜ್ಯೋತಿ’ ಧ್ವನಿಮುದ್ರಿಕೆಯನ್ನು ಹೊರತಂದಿತು. ಕರ್ನಾಟಕ ಮೂಲದ ತಂದೆತಾಯಿಗಳ ಮಗನಾಗಿ ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ, ಕದ್ರಿಯವರೊಡನೆ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಬಂದಿತು. ನಮ್ಮ ಸಂಸ್ಕೃತಿ ಅಧ್ಯಯನಗಳು ಇವುಗಳ ಬಗ್ಗೆ ಆಡಿದ ಮಾತು ಕಡಿಮೆ.

ಇದಕ್ಕೆ ಪರಿಹಾರ ದೂರದಲ್ಲಿಲ್ಲ. 1970ರ ದಶಕದ ಕೊನೆಯ ಹೊತ್ತಿಗೆ ಹೆಗ್ಗೋಡಿನ ನೀನಾಸಮ್, ಜಗತ್ತಿನ ಚಲನಚಿತ್ರಗಳನ್ನು ಹಳ್ಳಿಯ ಪ್ರೇಕ್ಷಕರ ಮುಂದಿಟ್ಟು ‘ರಸಗ್ರಹಣ ಶಿಬಿರ’ಗಳನ್ನು ನಡೆಸಿತು. ನೋಡುವುದನ್ನು ಕಲಿಸಬಹುದು, ಕನ್ನಡದಲ್ಲಿಯೇ ಕಲಿಸಬಹುದು ಎಂಬುದು ಅಲ್ಲಿ ಸಿದ್ಧವಾಯಿತು. ಕೇಳುವುದಕ್ಕೂ ಅಂಥದೊಂದು ರಸಗ್ರಹಣ ಬೇಕು. ಸ್ನಾತಕೋತ್ತರ ತರಗತಿಯಲ್ಲಿ ವಾರಕ್ಕೊಂದು ಗಂಟೆ ಆಲಿಕೆಗೆ ಮೀಸಲಿಡಬಹುದು. ಒಂದೇ ಪ್ರಸಂಗಕ್ಕೆ ಇಬ್ಬರು ಅರ್ಥಧಾರಿಗಳು ಹೇಳಿದ ಅರ್ಥವನ್ನು, ಒಂದೇ ಕಥನವನ್ನು ಒಬ್ಬನೇ ಗಾಯಕ ಎರಡು ಊರುಗಳಲ್ಲಿ ಹಾಡಿದುದನ್ನು ಪಕ್ಕಪಕ್ಕದಲ್ಲಿಟ್ಟು ಕೇಳಬಹುದು. ಬದಲಾವಣೆಗಳನ್ನು ‘ಪಾಠಾಂತರ’ವೆಂದು ಅಡಿಟಿಪ್ಪಣಿಗೆ ತಳ್ಳದೆ ‘ಪ್ರಯೋಗಾಂತರ’ವೆಂದು ಒಡಲಿನಲ್ಲಿಯೇ ಚರ್ಚಿಸಬಹುದು. ಉತ್ಸವಗಳಿಗೆ ಹೋದಾಗ ದೊಡ್ಡ ಹೆಸರು ಬರುವ ಮೊದಲು, ಖಾಲಿ ಕುರ್ಚಿಗಳ ಮುಂದೆ ಹಾಡುವವರಿಗೂ ಅರ್ಧ ಗಂಟೆ ಕೊಡಬಹುದು. ನಮ್ಮ ಡೊಳ್ಳಿನವರಿಗೂ ತತ್ವಪದಕಾರರಿಗೂ ಸಾಮಾನ್ಯವಾಗಿ ದೊರೆಯುವುದು ಆ ಹೊತ್ತೇ.

ಬನವಾಸಿಯನ್ನು ನೆನೆದ ಪಂಪ, ಗೇಯವನ್ನೂ ಗೋಷ್ಠಿಯನ್ನೂ ಒಟ್ಟಿಗೆ ಹೇಳಿ, ಅವುಗಳ ಸುಖಕ್ಕೆ ನೆಲೆಯಾದವರೇ ಮನುಷ್ಯರು ಎಂದನು. ಆ ಬನವಾಸಿ ನಾಡಿನೊಳಗಿನದೇ ತಾಳಗುಂದ. ಅಲ್ಲಿನ ಕಲ್ಲನ್ನು ಓದಲು ನಾವು ಲಿಪಿಯನ್ನು ಶ್ರಮಪಟ್ಟು ಕಲಿತೆವು. ಪಕ್ಕದೂರಿನ ಮದ್ದಳೆಯ ವಾರಸುದಾರರನ್ನು ಕೇಳಲು ಅಷ್ಟೇ ಶ್ರಮಪಟ್ಟು ಕಿವಿಯನ್ನೂ ಕಲಿಸಬೇಕಾಗಿದೆ.