ಈಜುಕೊಳದ ಘಾಟು ಶುಚಿತ್ವದ ಸರ್ಟಿಫಿಕೇಟಲ್ಲ ಸ್ವಾಮೀ!

ಮೊನ್ನೆ ಹಲಗೂರಿಂದ ಅಪ್ಪ ಬೆಂಗಳೂರಿಗೆ ಬಂದಿದ್ದರು. ಮೊಮ್ಮಗ ಈಜೋದನ್ನ ನೋಡ್ಬೇಕು ಅಂದ್ರು, ಕರ್ಕೊಂಡು ಹೋದೆ. ನಾಲ್ಕೂ ಕಡೆ ಗಾಜು ಹಾಕಿ ಮುಚ್ಚಿದ ಕೊಳ. ಒಳಗೆ ಕಾಲಿಟ್ಟಿದ್ದೇ ತಡ, "ಏನ್ಲಾ ಮಗ ಇದು, ಈ ಪಾಟಿ ಘಾಟು ಹೊಡೀತದೆ!" ಅಂತ ಮೂಗು ಮುಚ್ಕೊಂಡ್ರು. ಕೋಚ್ ನಗುತ್ತಾ, "ಕ್ಲೋರಿನ್ ಚೆನ್ನಾಗಿ ಹಾಕಿದ್ದೀವಿ ಸಾರ್, ನೀರು ಅಷ್ಟು ಕ್ಲೀನು" ಅಂದ. ಮಗ ಎಂದಿನಂತೆ ಕೆಮ್ಮುತ್ತಾ, ಕೆಂಪಾದ ಕಣ್ಣು ಉಜ್ಜುತ್ತಾ ಹೊರಗೆ ಬಂದ.

ನನ್ನ ಜಗಳ ಇರೋದು ಈ 'ಕ್ಲೀನು' ಅನ್ನೋ ಮಾತಿನ ಜೊತೆ. ಸರಿಯಾಗಿ ನೋಡಿಕೊಂಡ ಕೊಳಕ್ಕೆ ಅಂಥ ಘಾಟೇ ಇರಲ್ಲ. ನಮ್ಮ ಬೆವರು, ಮೂತ್ರದಲ್ಲಿರೋ ಅಮೋನಿಯಾ, ಯೂರಿಯಾ ಜೊತೆ ಕ್ಲೋರಿನ್ ಸೇರಿ ಹುಟ್ಟೋ ಕ್ಲೋರಮೈನ್‌ಗಳ ವಾಸನೆ ಅದು. ಅದರಲ್ಲೂ ಟ್ರೈಕ್ಲೋರಮೈನ್ ನೀರಲ್ಲಿ ನಿಲ್ಲದೆ ಗಾಳಿಗೆ ಏರುತ್ತೆ. ಬಯಲ ಕೊಳವಾದರೆ ಗಾಳಿ ಹೊತ್ತೊಯ್ಯುತ್ತೆ. ಮುಚ್ಚಿದ ಕೊಳದಲ್ಲಿ ನೀರಿನ ಮೇಲೇ ಕೂತಿರುತ್ತೆ, ಈಜೋ ಮಗು ಬಾಯ್ತೆರೆದು ಉಸಿರೆಳೆಯೋ ಜಾಗದಲ್ಲೇ!

"ಹಾಗಾದ್ರೆ ಕ್ಲೋರಿನ್ನೇ ಬೇಡ್ವಾ?" ಅಂತ ಕಾಮೆಂಟ್ ಹಾಕೋ ಮುಂಚೆ ಸ್ವಲ್ಪ ತಾಳಿ. ಬೆಂಗಳೂರಿನ ಕಾವೇರಿ ನೀರು ಶುದ್ಧವಾಗಿ ಹೊರಡೋದು ನಮ್ಮೂರ ಕಡೆಯ ತೊರೆಕಾಡನಹಳ್ಳಿಯಿಂದಲೇ. ಕ್ಲೋರಿನ್ ಬಿಟ್ಟರೆ ಟೈಫಾಯ್ಡ್, ಕಾಲರಾ ಬಾಗಿಲಿಗೆ ಬರುತ್ತೆ, ನಂಗೂ ಗೊತ್ತು. ಆ ಯೋಜನೆಯ ಮೊದಲ ಹಂತ ಶುರುವಾದ 1974ರಲ್ಲೇ ನೆದರ್ಲೆಂಡ್ಸಿನ ಯೋಹಾನೆಸ್ ರೂಕ್, ಕ್ಲೋರಿನ್ ಹಾಕಿದ ಕುಡಿಯೋ ನೀರಲ್ಲಿ ಕ್ಲೋರೋಫಾರ್ಮ್ ಹುಟ್ಟುತ್ತೆ ಅಂತ ತೋರಿಸಿದ್ದು. ಅದಕ್ಕೆ ಜಗತ್ತು ಕ್ಲೋರಿನ್ ಬಿಡಲಿಲ್ಲ. ಕ್ಲೋರಿನ್ ಜೊತೆ ಸೇರೋ ಕೊಳೆಯನ್ನ ಮೊದಲೇ ತೆಗೀಬೇಕು ಅನ್ನೋ ಪಾಠ ಕಲಿತಿತು. ಈಜುಕೊಳಕ್ಕೂ ಇದೇ ಪಾಠ. ಆದರೆ ಇಲ್ಲಿ ಕೊಳೆ ನಾವೇ!

2017ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಮೂತ್ರದಲ್ಲಿ ಹೊರಬೀಳೋ ಕೃತಕ ಸಿಹಿಯನ್ನ ಅಳೆದು, 8,30,000 ಲೀಟರಿನ ಒಂದು ಕೊಳದಲ್ಲಿ ಸುಮಾರು 75 ಲೀಟರ್ ಮೂತ್ರ ಇದೆ ಅಂತ ಲೆಕ್ಕ ಹಾಕಿದರು. ನಾವೇನು ಅವರಿಗಿಂತ ಸಾಚಾನಾ?

ಕೊಳದ ಗಾಳಿಯಿಂದ ಮಕ್ಕಳಿಗೆ ಅಸ್ತಮಾ ಬರುತ್ತಾ ಅನ್ನೋದ್ರಲ್ಲಿ ಸಂಶೋಧಕರಿಗೇ ಒಮ್ಮತ ಇಲ್ಲ, ಸುಮ್ಮನೆ ಹೆದರಿಸಲ್ಲ. ಆದರೆ ಕಣ್ಣುರಿ, ಗಂಟಲ ಕೆರೆತ, ಕೆಮ್ಮಿನ ಬಗ್ಗೆ ಅನುಮಾನ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲೇ, ಘನ ಮೀಟರ್ ಗಾಳಿಗೆ 0.5 ಮಿಲಿಗ್ರಾಂ ಅಂತ ಟ್ರೈಕ್ಲೋರಮೈನಿಗೆ ತಾತ್ಕಾಲಿಕ ಮಿತಿ ಸೂಚಿಸಿದೆ. ನಮ್ಮ ಕೊಳದಲ್ಲಿ ಇದನ್ನ ಅಳೆದಿದ್ದೀರಾ ಅಂತ ಕೇಳಿದ್ರೆ ಕೋಚ್ ನನ್ನ ಮುಖಾನೇ ನೋಡಿದ.

ನೀರು ಬದಲಾಯಿಸ್ತಾ ಇರೋಣ ಅಂದ್ರೆ ಅದೂ ಸುಲಭ ಇಲ್ಲ. 2024ರ ಮಾರ್ಚಿನ ಬರದಲ್ಲಿ, ಈಜುಕೊಳಕ್ಕೆ ಕುಡಿಯೋ ನೀರು ಬಳಸಿದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದು ನೆನಪಿದೆಯಲ್ಲ? ಹಾಗಾಗಿ ನಾನು ಕೇಳೋದು ಮೂರೇ: ಸೋಪು ಹಚ್ಚಿ ಸ್ನಾನ ಮಾಡದವರನ್ನ ನೀರಿಗೆ ಬಿಡಬೇಡಿ. ಒಳಗಿನ ಗಾಳಿ ಹೊರಗೆ ಹಾಕೋ ಫ್ಯಾನ್ ಓಡಿಸಿ, ಕರೆಂಟ್ ಬಿಲ್ಲಿಗೆ ಹೆದರಿ ಆರಿಸಬೇಡಿ. ನೀರಿನಲ್ಲಿರೋ ಕ್ಲೋರಮೈನ್ ಪ್ರಮಾಣವನ್ನ ದಿನಾ ಬೋರ್ಡಲ್ಲಿ ಬರೀರಿ.

ವಾಪಸ್ ಬರುವಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಸೋರೆಬುರುಡೆ ಕಟ್ಕೊಂಡು ತೋಟದ ಬಾವೀಲಿ ಈಜು ಕಲಿತವರು ಅವರು. "ನಮ್ ಬಾವೀಲಿ ಉಚ್ಚೆ ಹುಯ್ದೋನ್ಗೆ ಬೆನ್ ಮೇಲೆ ಬೀಳೋವು ಕಣ್ಲಾ. ನೀವು ಕಾಸು ಕೊಟ್ಟು ಮೂಸ್ತಾ ಇದ್ದೀರಲ್ಲ!" ಅಂದ್ರು.

ಏನಂತೀರಿ?